ಇಕೋಪಾತ್ ವಿತ್ ಇಕೋಸಿಮ್: ಕೆರೆಯ ಜಮಾ-ಖರ್ಚು ಬರೆಯುವ ಸಾಫ್ಟ್‌ವೇರ್, ಮೂರು ವರ್ಷ ಬಳಸಿದ ಮೇಲೆ

ಒಂದು ಆಳವಿಲ್ಲದ ಕೆರೆಯ ಮಾದರಿ ಕಟ್ಟಲು ಮೂರು ವರ್ಷದಿಂದ ಈ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಕೆರೆಯಲ್ಲಿ ಯಾವ್ಯಾವ ಜೀವಿಗಳಿವೆ, ಯಾವುದು ಯಾವುದನ್ನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ, ಒಂದು ಜಾತಿಯ ಮೀನು ಜಾಸ್ತಿಯಾದರೆ ಉಳಿದವುಗಳ ಗತಿ ಏನು, ಇದನ್ನೆಲ್ಲ ಲೆಕ್ಕದಲ್ಲಿ ಹಿಡಿಯುವ ಕೆಲಸ. ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದನ್ನು ಕಲಿಯಲು ಅಷ್ಟೊಂದು ಸಮಯ ಹಾಕಬಹುದಾ? ಹಾಕಬಹುದು. ಆದರೆ ಯಾವ ಕೆಲಸಕ್ಕೆ ಅನ್ನುವುದು ಮೊದಲು ಗೊತ್ತಿರಬೇಕು. ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಆ ಒಂದು ಅಂಕ ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಕೋಪಾತ್ ಅಂದರೆ ನೀರಿನ ಜೀವಿಗಳ ಜಮಾ-ಖರ್ಚಿನ ಪುಸ್ತಕ ಅಂದುಕೊಳ್ಳಿ. 1980ರ ದಶಕದ ಮೊದಲ ವರ್ಷಗಳಲ್ಲಿ ಜೆಫ್ರಿ ಪೊಲೊವಿನಾ ಎಂಬ ವಿಜ್ಞಾನಿ ಇದನ್ನು ಮಾಡಿದ್ದು ಹವಾಯಿ ದ್ವೀಪಗಳ ಸಾಲಿನ ಫ್ರೆಂಚ್ ಫ್ರಿಗೇಟ್ ಶೋಲ್ಸ್ ಎಂಬ ಹವಳದ ದಿಬ್ಬಕ್ಕಾಗಿ. ಆಮೇಲೆ ವಿಲ್ಲಿ ಕ್ರಿಸ್ಟೆನ್ಸನ್ ಮತ್ತು ಡೇನಿಯಲ್ ಪೌಲಿ ಅದನ್ನು ಬೆಳೆಸಿದರು. ಕಾರ್ಲ್ ವಾಲ್ಟರ್ಸ್ ಸೇರಿಕೊಂಡ ಮೇಲೆ 1997ರಲ್ಲಿ ಇಕೋಸಿಮ್ ಬಂತು, 1999ರಲ್ಲಿ ಇಕೋಸ್ಪೇಸ್ ಬಂತು. ಮೊದಲನೆಯದಾದ ಇಕೋಪಾತ್ ಒಂದು ವರ್ಷದ ಸರಾಸರಿ ಲೆಕ್ಕ. ಎರಡನೆಯದು ಆ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಓಡಿಸುತ್ತದೆ. ಮೂರನೆಯದು ನಕ್ಷೆಯ ಮೇಲೆ ಹರಡಿ ತೋರಿಸುತ್ತದೆ. 2007ರಲ್ಲಿ ಸಾಗರ ಮತ್ತು ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ ತನ್ನ 200 ವರ್ಷದ ಇತಿಹಾಸದ ಹತ್ತು ದೊಡ್ಡ ವೈಜ್ಞಾನಿಕ ಸಾಧನೆಗಳಲ್ಲಿ ಇಕೋಪಾತನ್ನೂ ಸೇರಿಸಿತು. ಹುಟ್ಟಿದ್ದು ಸಮುದ್ರದ ಕೆಲಸಕ್ಕೆ. ಆದರೂ ನನ್ನ ಅನುಭವದಲ್ಲಿ ಕೆರೆಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಕೆರೆಗೆ ದಡ ಇದೆ, ಲೆಕ್ಕ ಎಲ್ಲಿ ಶುರು ಎಲ್ಲಿ ಮುಗಿಯಿತು ಅಂತ ಹೇಳಬಹುದು. ಸಮುದ್ರದಲ್ಲಿ ಮೀನು ಗಡಿ ದಾಟಿ ಹೋಗುತ್ತಲೇ ಇರುತ್ತದೆ.

ಪೂರ್ತಿ ಉಚಿತ. ವಿಂಡೋಸ್‌ನಲ್ಲಿ ನಡೆಯುತ್ತದೆ. ನಿಮ್ಮ ಹತ್ತಿರ ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ವಿಂಡೋಸ್‌ಗೆ ಬೇರೆ ದಾರಿ ಹುಡುಕಬೇಕು, ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುವವರು ಆರ್‌ಪಾತ್ ಕಡೆ ಹೋಗಬಹುದು. ಅದೇ ಲೆಕ್ಕ, ಆದರೆ ಕಿಟಕಿ, ಬಟನ್ ಏನೂ ಇಲ್ಲ, ಎಲ್ಲವನ್ನೂ ಬರೆದು ಓಡಿಸಬೇಕು. ಇಕೋಪಾತ್ ಫೈಲ್ ಆಕ್ಸೆಸ್ ಡೇಟಾಬೇಸ್ ರೂಪದಲ್ಲಿ ಉಳಿಯುತ್ತದೆ, ಅದಕ್ಕೆ ಬೇಕಾದ ಡ್ರೈವರ್ ಕಂಪ್ಯೂಟರ್‌ನಲ್ಲಿ ಇರಬೇಕು. ಇನ್‌ಸ್ಟಾಲ್ ಬಗ್ಗೆ ಇಷ್ಟು ಸಾಕು.

ನಿಜವಾದ ಕೆಲಸ ಶುರುವಾಗುವುದು ಖಾಲಿ ಕೋಷ್ಟಕದ ಎದುರು ಕೂತಾಗ. ಕೆರೆಯ ಜೀವಿಗಳನ್ನು ಗುಂಪುಗಳಾಗಿ ಹಂಚಬೇಕು: ನೀರಲ್ಲಿ ತೇಲುವ ಪಾಚಿ, ತಳದಿಂದ ಬೆಳೆಯುವ ಜಲಸಸ್ಯ, ಅತಿ ಸಣ್ಣ ಪ್ರಾಣಿಗಳಾದ ಝೂಪ್ಲಾಂಕ್ಟನ್, ಕೆಸರಿನ ಹುಳು, ಬಸವನಹುಳು, ಚಿಕ್ಕ ಮೀನು, ದೊಡ್ಡ ಮೀನು, ಮೀನು ತಿನ್ನುವ ಹಕ್ಕಿ, ಕೊನೆಗೆ ಸತ್ತು ಕೊಳೆತದ್ದೆಲ್ಲ ಒಂದು ಗುಂಪು. ಪ್ರತಿ ಗುಂಪಿಗೂ ನಾಲ್ಕು ಮುಖ್ಯ ಸಂಖ್ಯೆಗಳಿವೆ. ಒಂದು ಚದರ ಕಿಲೋಮೀಟರಿಗೆ ಎಷ್ಟು ಟನ್ ಇದೆ, ಅದು ಬಯೋಮಾಸ್. ವರ್ಷಕ್ಕೆ ತನ್ನ ತೂಕದ ಎಷ್ಟು ಪಟ್ಟು ಹೊಸದಾಗಿ ಬೆಳೆಯುತ್ತದೆ, ಅದು ಪಿ ಬೈ ಬಿ. ವರ್ಷಕ್ಕೆ ತನ್ನ ತೂಕದ ಎಷ್ಟು ಪಟ್ಟು ತಿನ್ನುತ್ತದೆ, ಅದು ಕ್ಯೂ ಬೈ ಬಿ. ಬೆಳೆದದ್ದರಲ್ಲಿ ಎಷ್ಟು ಪಾಲು ಬೇರೆಯವರ ಹೊಟ್ಟೆಗೋ ಬಲೆಗೋ ಹೋಗುತ್ತದೆ, ಅದು ಇಇ. ಈ ನಾಲ್ಕರಲ್ಲಿ ಮೂರು ಕೊಟ್ಟರೆ ನಾಲ್ಕನೆಯದನ್ನು ಅದೇ ಲೆಕ್ಕ ಹಾಕಿ ನೀಲಿ ಅಕ್ಷರದಲ್ಲಿ ತೋರಿಸುತ್ತದೆ. ಜೊತೆಗೆ ಯಾರ ಊಟದಲ್ಲಿ ಯಾರ ಪಾಲು ಎಷ್ಟು ಅನ್ನುವ ಆಹಾರದ ಕೋಷ್ಟಕ ಬೇಕು. ಪ್ರತಿ ಗುಂಪಿನ ಪಾಲುಗಳನ್ನು ಕೂಡಿದರೆ 1 ಬರಬೇಕು.

ಕೇಳಲು ಸುಲಭ ಅಲ್ವಾ? ಕ್ಯೂ ಬೈ ಬಿ ಒಂದನ್ನೇ ತೆಗೆದುಕೊಳ್ಳಿ. ಒಂದು ಮೀನು ವರ್ಷಕ್ಕೆ ಎಷ್ಟು ತಿನ್ನುತ್ತದೆ ಅಂತ ಯಾರು ನೋಡಿ ಅಳೆಯುತ್ತಾರೆ? ಇದಕ್ಕೆ ಪಾಲೊಮಾರೆಸ್ ಮತ್ತು ಪೌಲಿ 1998ರಲ್ಲಿ ಕೊಟ್ಟ ಒಂದು ಸೂತ್ರವಿದೆ. ಮೀನು ಬೆಳೆಯಬಹುದಾದ ಗರಿಷ್ಠ ತೂಕ, ನೀರಿನ ಉಷ್ಣಾಂಶ, ಸೊಪ್ಪು ತಿನ್ನುತ್ತದಾ ಮಾಂಸ ತಿನ್ನುತ್ತದಾ ಅನ್ನುವುದು, ಇವುಗಳ ಜೊತೆ ಬಾಲದ ಆಕಾರವೂ ಬೇಕು. ಬಾಲದ ಎತ್ತರದ ವರ್ಗವನ್ನು ಬಾಲದ ವಿಸ್ತೀರ್ಣದಿಂದ ಭಾಗಿಸಬೇಕು. ಚಂದ್ರನ ಕೊಂಬಿನ ಹಾಗೆ ಚೂಪಾದ ಬಾಲದ ಮೀನು ಜೋರಾಗಿ ಈಜುತ್ತದೆ, ಜಾಸ್ತಿ ತಿನ್ನುತ್ತದೆ. ದುಂಡು ಬಾಲದ್ದು ನಿಧಾನ. ನಾವು ಬಿಳಿ ಹಲಗೆಯ ಮೇಲೆ ಮೀನನ್ನು ಮಲಗಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಒದ್ದೆ ಬೆರಳಿನಿಂದ ಬಾಲದ ಎಳೆಗಳನ್ನು ಬಿಡಿಸಿ ಫೋಟೋ ತೆಗೆಯುತ್ತಿದ್ದೆವು. ಬಾಲ ಒಣಗಿದರೆ ಮುದುರಿಕೊಳ್ಳುತ್ತದೆ, ಆಗ ಎತ್ತರ, ವಿಸ್ತೀರ್ಣ ಎರಡೂ ತಪ್ಪಾಗಿ ಬರುತ್ತವೆ, ಮೀನು ಎಷ್ಟು ತಿನ್ನುತ್ತದೆ ಅನ್ನುವ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಬಾಲದ ಮೇಲೆ ನೀರು ಚಿಮುಕಿಸುವುದಕ್ಕೇ ಒಬ್ಬರು ಇರುತ್ತಿದ್ದರು. ಇಷ್ಟು ಮಾಡಲಾಗದಿದ್ದರೆ ಫಿಶ್‌ಬೇಸ್ ಎಂಬ ಮೀನುಗಳ ಮಾಹಿತಿ ಜಾಲತಾಣದಲ್ಲಿ ಎಷ್ಟೋ ಜಾತಿಗಳ ಸಂಖ್ಯೆ ಸಿಗುತ್ತದೆ. ಆದರೆ ಬೇರೆ ನೀರಿನಲ್ಲಿ ಬೆಳೆದ ಮೀನಿನ ಸಂಖ್ಯೆ ನಿಮ್ಮ ಕೆರೆಯ ಮೀನಿಗೆ ಸರಿಹೋಗುತ್ತದೆ ಅನ್ನುವ ಖಾತ್ರಿ ಇಲ್ಲ.

ಈ ವಿಷಯದಲ್ಲಿ ಸಾಫ್ಟ್‌ವೇರ್‌ನಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಹೆಸರು ಪೆಡಿಗ್ರಿ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಅಂತ ಗುರುತು ಹಾಕಬಹುದು: ನೀವೇ ಅಳೆದದ್ದಾ, ಸೂತ್ರದಿಂದ ಬಂದದ್ದಾ, ಬೇರೆ ಮಾದರಿಯಿಂದ ಎತ್ತಿಕೊಂಡದ್ದಾ, ಅಂದಾಜಾ. ಪ್ರತಿಯೊಂದಕ್ಕೂ ಒಂದು ಬಣ್ಣ. ಎಲ್ಲ ಸೇರಿ 0ಯಿಂದ 1ರ ನಡುವೆ ಒಂದು ಅಂಕ ಬರುತ್ತದೆ. ನನ್ನ ಮೊದಲ ವರ್ಷದ ಮಾದರಿಯ ಬಣ್ಣಗಳನ್ನು ನೋಡಿದರೆ ಮೀನಿನ ಸಾಲುಗಳು ಚೆನ್ನಾಗಿದ್ದವು, ಕೆಸರಿನ ಹುಳುಗಳ ಸಾಲು ಪೂರ್ತಿ ಅಂದಾಜು. ಯಾರ ಮಾದರಿಯನ್ನು ನೋಡುವಾಗಲೂ ನಾನು ಮೊದಲು ಕೇಳುವುದು ಪೆಡಿಗ್ರಿ ಪುಟವನ್ನೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂಖ್ಯೆಗಳನ್ನೆಲ್ಲ ತುಂಬಿ ಲೆಕ್ಕ ಓಡಿಸಿದಾಗ ಮೊದಲ ಸಲಕ್ಕೇ ಸರಿಹೋಗುವುದು ತೀರಾ ಅಪರೂಪ. ಯಾವುದೋ ಗುಂಪಿನ ಇಇ 1ಕ್ಕಿಂತ ಜಾಸ್ತಿ ಬರುತ್ತದೆ, ಆ ಚೌಕ ಕೆಂಪಾಗುತ್ತದೆ. ಅಂದರೆ ಆ ಜೀವಿ ವರ್ಷಕ್ಕೆ ಎಷ್ಟು ಬೆಳೆಯುತ್ತದೋ ಅದಕ್ಕಿಂತ ಹೆಚ್ಚನ್ನು ಬೇರೆಯವರು ತಿಂದುಬಿಡುತ್ತಿದ್ದಾರೆ. ಹಾಗೆ ಆಗಲು ಸಾಧ್ಯವೇ ಇಲ್ಲ. ಇಲ್ಲದ ಮೀನನ್ನು ಯಾರೂ ತಿನ್ನಲಾರರು.

ನಮಗೆ ಕೆಂಪಾದದ್ದು ಚಿಕ್ಕ ಮೀನಿನ ಚೌಕ. ಲೆಕ್ಕ ಹೇಗೆ ಕೆಂಪಾಗುತ್ತದೆ ಅಂತ ಅರ್ಥವಾಗಲು ಸಂಖ್ಯೆಗಳನ್ನು ಸ್ವಲ್ಪ ಸರಳ ಮಾಡಿ ಹೇಳುತ್ತೇನೆ. ದೊಡ್ಡ ಮೀನು ಚದರ ಕಿಲೋಮೀಟರಿಗೆ 2 ಟನ್ ಇದೆ ಅಂದುಕೊಳ್ಳಿ. ವರ್ಷಕ್ಕೆ ತನ್ನ ತೂಕದ 4 ಪಟ್ಟು ತಿನ್ನುತ್ತದೆ, ಅಂದರೆ 8 ಟನ್. ಅದರ ಹೊಟ್ಟೆ ಸೀಳಿ ನೋಡಿದಾಗ ಊಟದ 60% ಚಿಕ್ಕ ಮೀನು. ಅಲ್ಲಿಗೆ 4.8 ಟನ್ ಚಿಕ್ಕ ಮೀನು ಖರ್ಚು. ಇನ್ನು ಜಮಾ ಕಡೆ. ಚಿಕ್ಕ ಮೀನು 1.5 ಟನ್ ಇದೆ, ವರ್ಷಕ್ಕೆ 2.5 ಪಟ್ಟು ಬೆಳೆಯುತ್ತದೆ, ಒಟ್ಟು 3.75 ಟನ್. 4.8ನ್ನು 3.75ರಿಂದ ಭಾಗಿಸಿದರೆ 1.28. ಹಕ್ಕಿಗಳ ಪಾಲು, ಬಲೆಯ ಪಾಲು ಇನ್ನೂ ಸೇರಿಸಿಯೇ ಇಲ್ಲ, ಆಗಲೇ ಒಂದು ಟನ್‌ಗಿಂತ ಜಾಸ್ತಿ ಖೋತಾ.

ಇಲ್ಲಿ ಎರಡು ದಾರಿ ಇದೆ. ನಾನು ಹೋಗಿದ್ದ ಒಂದು ತರಬೇತಿಯಲ್ಲಿ ಸುಲಭದ ದಾರಿ ಹೇಳಿಕೊಟ್ಟರು. ಆಹಾರದ ಕೋಷ್ಟಕ ತೆಗೆಯಿರಿ, 60% ಇದ್ದದ್ದನ್ನು 40% ಮಾಡಿ, ಉಳಿದ 20% ಬೇರೆ ಗುಂಪಿಗೆ ಹಾಕಿ, ಚೌಕ ಬಿಳಿಯಾಗುತ್ತದೆ, ಮುಂದೆ ಹೋಗಿ. ಯಾಕೆ 40% ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಎರಡು ದಿನದಲ್ಲಿ ಕೋಣೆಯಲ್ಲಿದ್ದ ಎಲ್ಲರ ಮಾದರಿಯೂ ಸರಿಹೋಯಿತು. ನನಗೆ ಆಗ ಖುಷಿಯೇ ಆಗಿತ್ತು. ಮನೆಗೆ ಬಂದು ಹೊಟ್ಟೆ ಸೀಳಿ ಬರೆದಿಟ್ಟ ನೋಟ್‌ಬುಕ್ ತೆಗೆದಾಗ ಮಾತ್ರ ಸಂಕಟವಾಯಿತು. ಅಷ್ಟು ಮೀನಿನ ಹೊಟ್ಟೆಯಲ್ಲಿ ಕಣ್ಣಾರೆ ಕಂಡು, ಮೂಳೆ ಎಣಿಸಿ ಬರೆದದ್ದನ್ನು ಒಂದು ಚೌಕದ ಬಣ್ಣಕ್ಕಾಗಿ ಬದಲಾಯಿಸುವುದಾ?

ಎರಡನೆಯ ದಾರಿ ನೀರಿಗೆ ವಾಪಸ್ ಹೋಗುವುದು. ನಾವು ಅದನ್ನೇ ಮಾಡಿದೆವು. ನಮ್ಮ ಜೊತೆ ಬಲೆ ಹಾಕುತ್ತಿದ್ದ ಮೀನುಗಾರರಿಗೆ ಲೆಕ್ಕದ ವಿಷಯ ಹೇಳಿದಾಗ ಅವರು ಬಲೆಯನ್ನು ಎತ್ತಿ, ಕಣ್ಣಿನೊಳಗೆ ಹೆಬ್ಬೆರಳು ತೂರಿಸಿ ತೋರಿಸಿದರು. "ಈ ಕಣ್ಣಲ್ಲಿ ಮರಿ ನಿಲ್ಲಲ್ಲ ಮೇಡಂ, ಎಲ್ಲ ಸೋರಿಹೋಗುತ್ತೆ. ನೀವು ಲೆಕ್ಕ ಹಾಕಿದ್ದು ಸಿಕ್ಕಿದ್ದನ್ನ ಮಾತ್ರ." ಅಷ್ಟೇ ವಿಷಯ. ದೊಡ್ಡ ಮೀನಿನ ಹೊಟ್ಟೆಯಲ್ಲಿದ್ದದ್ದು ಬಹುಪಾಲು ಬೆರಳುದ್ದಕ್ಕಿಂತ ಸಣ್ಣ ಮರಿಗಳು. ಆ ಅಳತೆಯದ್ದು ನಮ್ಮ ಬಲೆಗೆ ಬೀಳುತ್ತಲೇ ಇರಲಿಲ್ಲ. ಖರ್ಚು ಕಡೆ ಬರೆದಿದ್ದೇವೆ, ಜಮಾ ಕಡೆ ಬಿಟ್ಟಿದ್ದೇವೆ. ಸಣ್ಣ ಕಣ್ಣಿನ ಬಲೆಯಿಂದ ದಡದ ಸಸ್ಯಗಳ ಸಂದಿಯಲ್ಲಿ ಎಳೆದಾಗ ಬಕೆಟ್ ತುಂಬಾ ಮರಿ ಬಂತು. ಮೇಲಿನ ಸರಳ ಲೆಕ್ಕದಲ್ಲಿ 1.5 ಟನ್ ಇದ್ದದ್ದು 2.4 ಆದರೆ ಬೆಳವಣಿಗೆ 6 ಟನ್ ಆಗುತ್ತದೆ, ಇಇ 0.8ಕ್ಕೆ ಇಳಿಯುತ್ತದೆ.

ನಾನು ಈ ಸಾಫ್ಟ್‌ವೇರನ್ನು ಇಷ್ಟಪಡುವುದು ಇದೇ ಕಾರಣಕ್ಕೆ. ಬಲೆಯ ಲೆಕ್ಕ ಬೇರೆ ಪುಸ್ತಕದಲ್ಲಿ, ಹೊಟ್ಟೆಯ ಲೆಕ್ಕ ಬೇರೆ ಪುಸ್ತಕದಲ್ಲಿ ಇದ್ದಾಗ ಎರಡೂ ಸರಿಯಾಗಿಯೇ ಕಾಣುತ್ತವೆ. ಒಂದೇ ಕೋಷ್ಟಕಕ್ಕೆ ತಂದಾಗ ಮಾತ್ರ ಅವು ಒಂದಕ್ಕೊಂದು ಹೊಂದುವುದಿಲ್ಲ ಅಂತ ಗೊತ್ತಾಗುತ್ತದೆ. ಕೆಂಪು ಚೌಕವನ್ನು ತಪ್ಪು ಅಂತ ನೋಡಬೇಡಿ. ನಿಮ್ಮ ಕೆರೆಯ ಬಗ್ಗೆ ನಿಮಗೆ ಎಲ್ಲಿ ಗೊತ್ತಿಲ್ಲ ಅಂತ ಅದು ಬೆರಳಿಟ್ಟು ತೋರಿಸುತ್ತಿದೆ. ಎಷ್ಟೋ ಜನ ಇದರ ಬಣ್ಣಬಣ್ಣದ ಗ್ರಾಫ್‌ಗಳಿಗಾಗಿ ಬರುತ್ತಾರೆ. ನನಗೆ ಮಾತ್ರ ಇದರ ಅತಿ ಬೆಲೆಬಾಳುವ ಭಾಗ ಆ ಕೆಂಪು ಚೌಕ.

ಅದು ಸುಲಭಕ್ಕೆ ಬಿಡುವುದೂ ಇಲ್ಲ. ಚಿಕ್ಕ ಮೀನು ಜಾಸ್ತಿ ಅಂತ ಬರೆದ ಕೂಡಲೇ ಅವೂ ತಿನ್ನಬೇಕಲ್ಲ? ವರ್ಷಕ್ಕೆ ತೂಕದ 10 ಪಟ್ಟು ತಿನ್ನುತ್ತವೆ ಅಂದರೆ, ಹೊಸದಾಗಿ ಸೇರಿಸಿದ 0.9 ಟನ್‌ಗೆ ಇನ್ನೂ 9 ಟನ್ ಊಟ ಬೇಕು. ಅದರಲ್ಲಿ ಹೆಚ್ಚು ಪಾಲು ಝೂಪ್ಲಾಂಕ್ಟನ್. ಚಿಕ್ಕ ಮೀನಿನ ಚೌಕ ಬಿಳಿಯಾಯಿತು, ಝೂಪ್ಲಾಂಕ್ಟನ್ ಚೌಕ ಕೆಂಪಾಯಿತು. ಅದರ ಕಥೆ ಕೊನೆಗೆ ಹೇಳುತ್ತೇನೆ.

ಚೌಕಗಳೆಲ್ಲ ಬಿಳಿಯಾದ ಮೇಲೂ ಒಂದೆರಡು ಕಡೆ ಕಣ್ಣಾಡಿಸಬೇಕು. ಬೆಳವಣಿಗೆಯನ್ನು ತಿಂದದ್ದರಿಂದ ಭಾಗಿಸಿ ನೋಡಿ, ಹೆಚ್ಚಿನ ಗುಂಪುಗಳಿಗೆ 0.1ರಿಂದ 0.3ರೊಳಗೆ ಬರಬೇಕು. 0.5 ಬಂದರೆ ತಿಂದದ್ದರಲ್ಲಿ ಅರ್ಧ ಮೈಗೆ ಹತ್ತಿತು ಅಂದಂತೆ, ದೊಡ್ಡ ಮೀನಿಗೆ ಅದು ನಂಬುವ ಮಾತಲ್ಲ. ತಿಂದದ್ದರಲ್ಲಿ ಜೀರ್ಣವಾಗದೆ ಹೊರಗೆ ಹೋಗುವ ಪಾಲು 0.2 ಅಂತ ಸಾಫ್ಟ್‌ವೇರೇ ಹಾಕಿಕೊಂಡಿರುತ್ತದೆ. ಪಾಚಿ, ಸೊಪ್ಪು ತಿನ್ನುವವುಗಳಿಗೆ ಅಷ್ಟು ಸಾಲದು, 0.4 ಹಾಕುವುದು ರೂಢಿ. ಇದನ್ನು ಬದಲಾಯಿಸಲು ಮರೆಯುವವರು ಬಹಳ. ಹಾಗೇ ಒಂದು ಹಂತದಿಂದ ಮುಂದಿನ ಹಂತಕ್ಕೆ ಎಷ್ಟು ಶಕ್ತಿ ದಾಟುತ್ತದೆ ಅಂತ ಅದು ಲೆಕ್ಕ ಹಾಕಿ ಕೊಡುತ್ತದೆ. ಶಾಲೆಯ ಪುಸ್ತಕದಲ್ಲಿ ಓದಿದ 10% ಮಾತು ನೆನಪಿದೆಯಲ್ಲ, ಆ ಯೋಚನೆಯ ಮೂಲವೂ ಒಂದು ಸಣ್ಣ ಕೆರೆಯೇ. ರೇಮಂಡ್ ಲಿಂಡ್‌ಮನ್ ಎಂಬ ಪರಿಸರ ವಿಜ್ಞಾನಿ ಅಮೆರಿಕದ ಮಿನೆಸೋಟದ ಸೀಡರ್ ಬಾಗ್ ಲೇಕ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬರೆದ ಲೇಖನ ಅಚ್ಚಾಗಿದ್ದು 1942ರಲ್ಲಿ, ಅವರು ತೀರಿಕೊಂಡ ಮೇಲೆ. ತೀರಿಕೊಂಡಾಗ ಅವರಿಗೆ 26 ವರ್ಷ ಅಷ್ಟೇ. 1995ರಲ್ಲಿ ಪೌಲಿ ಮತ್ತು ಕ್ರಿಸ್ಟೆನ್ಸನ್ 48 ಮಾದರಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಸರಾಸರಿ ಸುಮಾರು 10% ಬಂತು. ಸರಾಸರಿ ಅಷ್ಟೇ ಅದು, ಪ್ರತಿ ಕೆರೆಗೂ ಒಂದೇ ಇರುವುದಿಲ್ಲ.

ಇನ್ನು ಇಕೋಸಿಮ್. ಇಲ್ಲಿ ಮೌಸ್‌ನಿಂದಲೇ ಗೆರೆ ಎಳೆದು ಮೀನುಗಾರಿಕೆ ಹೆಚ್ಚಿಸಿ, ಇಳಿಸಿ ನೋಡಬಹುದು. ದೊಡ್ಡ ಮೀನು ಹಿಡಿಯುವುದನ್ನು ಎರಡು ಪಟ್ಟು ಮಾಡಿದರೆ ಹತ್ತು ವರ್ಷದಲ್ಲಿ ಏನಾಗುತ್ತದೆ? ಬಟನ್ ಒತ್ತಿದ ಕೂಡಲೇ ಗೆರೆಗಳು ಓಡುತ್ತವೆ. ಮೊದಲ ಸಲ ನೋಡಿದಾಗ ಮೈ ಜುಂ ಅನ್ನುತ್ತದೆ. ಆದರೆ ಇಲ್ಲಿಯೇ ತುಂಬಾ ಹುಷಾರಾಗಿರಬೇಕು. ಈ ಗೆರೆಗಳು ಎಲ್ಲಿಗೆ ಹೋಗುತ್ತವೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ವಲ್ನರಬಿಲಿಟಿ ಎಂಬ ಒಂದು ಸಂಖ್ಯೆ. ತಿನ್ನುವ ಮೀನು ಹೆಚ್ಚಾದರೆ ತುತ್ತಾಗುವ ಮೀನಿನ ಸಾವು ಎಷ್ಟರ ಮಟ್ಟಿಗೆ ಹೆಚ್ಚಬಹುದು ಅಂತ ಅದು ಹೇಳುತ್ತದೆ. ಇದರ ಹಿಂದಿರುವುದು ಕಾರ್ಲ್ ವಾಲ್ಟರ್ಸ್ ಅವರ ಒಂದು ಯೋಚನೆ, ಅದು ನನಗೆ ಬಹಳ ಇಷ್ಟ. ಮರಿ ಮೀನುಗಳು ಸದಾ ಎಲ್ಲರ ಬಾಯಿಗೆ ಸಿಗುವ ಹಾಗೆ ಓಡಾಡುವುದಿಲ್ಲ. ಸಸ್ಯಗಳ ಮರೆಯಲ್ಲಿ ಅಡಗಿ, ಹಸಿವಾದಾಗ ಮಾತ್ರ ಹೊರಬಂದು, ತಿಂದು, ಮತ್ತೆ ಒಳಗೆ ಓಡುತ್ತವೆ. ಹೊರಗೆ ಬಂದ ಆ ಹೊತ್ತಿನಲ್ಲಿ ಮಾತ್ರ ಅಪಾಯ. ಕೆರೆಯ ದಡದಲ್ಲಿ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತವರಿಗೆ ಇದು ಗೊತ್ತು. ನೆರಳು ಬಿದ್ದ ಕೂಡಲೇ ನೂರಾರು ಮರಿಗಳು ಒಂದೇ ಏಟಿಗೆ ಸಸ್ಯದೊಳಗೆ ನುಗ್ಗುತ್ತವೆ.

ಸಮಸ್ಯೆ ಏನೆಂದರೆ, ನೀವು ಏನೂ ಮುಟ್ಟದಿದ್ದರೆ ಸಾಫ್ಟ್‌ವೇರ್ ಎಲ್ಲ ಕಡೆ 2 ಅಂತ ಹಾಕಿಕೊಳ್ಳುತ್ತದೆ. 1ರ ಹತ್ತಿರ ಇಟ್ಟರೆ ಮೀನಿನ ಸಂಖ್ಯೆ ಕೆಳಗಿನಿಂದ, ಅಂದರೆ ಆಹಾರದಿಂದ ನಡೆಯುತ್ತದೆ. ದೊಡ್ಡ ಸಂಖ್ಯೆ ಇಟ್ಟರೆ ಮೇಲಿನಿಂದ, ಅಂದರೆ ತಿನ್ನುವವರಿಂದ. ಎಲ್ಲವನ್ನೂ 2ರಲ್ಲೇ ಬಿಟ್ಟು ಮೂವತ್ತು ವರ್ಷದ ಭವಿಷ್ಯ ತೋರಿಸಿದರೆ ಅದು ನಿಮ್ಮ ಕೆರೆಯ ಭವಿಷ್ಯ ಆಗುವುದಿಲ್ಲ. ಹಳೆಯ ವರ್ಷಗಳ ನಿಜವಾದ ಅಳತೆಗಳನ್ನು ಕೊಟ್ಟು, ಅವುಗಳಿಗೆ ಹೊಂದುವ ಹಾಗೆ ಈ ಸಂಖ್ಯೆಗಳನ್ನು ಹುಡುಕಿಸುವ ಸೌಲಭ್ಯ ಒಳಗೇ ಇದೆ. ಹಳೆಯ ಅಳತೆಗಳು ಇಲ್ಲದಿದ್ದರೆ ನನ್ನ ಸಲಹೆ ಇಷ್ಟೆ: ಇಕೋಪಾತ್‌ನಲ್ಲೇ ನಿಲ್ಲಿಸಿ, ಇಕೋಸಿಮ್ ಗ್ರಾಫ್ ಯಾರಿಗೂ ತೋರಿಸಬೇಡಿ. ಅಧಿಕಾರಿಗಳ ಎದುರು ಒಂದು ಗೆರೆ ಮೇಲೆ ಹೋಗುವುದನ್ನು ತೋರಿಸಿದರೆ ಅವರು ಅದನ್ನೇ ನಂಬಿ ಮೀನು ಮರಿ ಬಿಡುವ ತೀರ್ಮಾನ ಮಾಡುತ್ತಾರೆ. ಒಮ್ಮೆ ಬಿಟ್ಟ ಮೀನನ್ನು ಕೆರೆಯಿಂದ ವಾಪಸ್ ತೆಗೆಯಲು ಆಗುವುದಿಲ್ಲ.

ಅದಕ್ಕೆ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕಿಂತ ದೊಡ್ಡ ಉದಾಹರಣೆ ಬೇಡ. ಅಲ್ಲಿಗೆ 1950ರ ದಶಕದಲ್ಲಿ ಬೇರೆ ಮೀನುಗಳನ್ನು ತಿನ್ನುವ ನೈಲ್ ಪರ್ಚ್ ಎಂಬ ದೊಡ್ಡ ಮೀನನ್ನು ಬಿಟ್ಟರು. ಬಹಳ ವರ್ಷ ಏನೂ ಆಗದ ಹಾಗೆ ಇತ್ತು. 1980ರ ದಶಕದಲ್ಲಿ ಒಮ್ಮೆಲೇ ಅದರ ಸಂಖ್ಯೆ ಏರಿತು, ಆ ಸರೋವರ ಬಿಟ್ಟು ಬೇರೆಲ್ಲೂ ಇಲ್ಲದ ನೂರಾರು ಜಾತಿಯ ಸಣ್ಣ ಸಿಕ್ಲಿಡ್ ಮೀನುಗಳು ಕುಸಿದವು. ಎಷ್ಟೋ ಜಾತಿಗಳು ಮತ್ತೆ ಕಾಣಲಿಲ್ಲ. ಈ ಸರೋವರಕ್ಕೂ ಇಕೋಪಾತ್ ಮಾದರಿಗಳನ್ನು ಕಟ್ಟಿದ್ದಾರೆ.

ನಾನು ಒಂದು ಅಂಕ ಕಡಿಮೆ ಮಾಡಿದ್ದು ಇಲ್ಲಿಯೇ. ಇಕೋಪಾತ್ ಪೆಟ್ಟಿಗೆಗಳ, ಅಂದರೆ ಗುಂಪುಗಳ ಲೋಕ. ನೂರಾರು ಸಿಕ್ಲಿಡ್ ಜಾತಿಗಳಿಗೆ ನೂರಾರು ಸಾಲು ಮಾಡಿ ತುಂಬಲು ಯಾರಿಗೂ ಆಗುವುದಿಲ್ಲ, ಅಷ್ಟು ಅಳತೆ ಎಲ್ಲೂ ಇರುವುದಿಲ್ಲ. ಹಾಗಾಗಿ ಅವುಗಳನ್ನು ಒಂದೋ ಎರಡೋ ಪೆಟ್ಟಿಗೆಗೆ ಹಾಕುತ್ತಾರೆ. ಪೆಟ್ಟಿಗೆಯ ಒಟ್ಟು ತೂಕ ಇಳಿದರೆ ಮಾದರಿ ಹೇಳುತ್ತದೆ. ಆದರೆ ಪೆಟ್ಟಿಗೆಯೊಳಗೆ ಹತ್ತು ಜಾತಿ ಪೂರ್ತಿ ಅಳಿದು, ಒಂದೇ ಗಟ್ಟಿ ಜಾತಿ ಆ ಜಾಗವನ್ನೆಲ್ಲ ತುಂಬಿದರೆ? ಟನ್ ಲೆಕ್ಕ ಅಷ್ಟೇ ಇರುತ್ತದೆ, ಗೆರೆ ಅಲ್ಲಾಡುವುದಿಲ್ಲ, ಚೌಕ ಬಿಳಿಯಾಗಿಯೇ ಇರುತ್ತದೆ. ಒಂದು ಜಾತಿ ಇಲ್ಲವಾಗುವುದು ನನಗೆ ದೊಡ್ಡ ನೋವಿನ ಸಂಗತಿ, ಮಾದರಿಗೆ ಅದು ಕಾಣುವುದೇ ಇಲ್ಲ. ನಾನೀಗ ಅಪರೂಪದ ಜಾತಿಗಳಿಗೆ, ತೂಕ ಎಷ್ಟೇ ಕಡಿಮೆ ಇರಲಿ, ಬೇರೆ ಸಾಲು ಮಾಡುತ್ತೇನೆ. ಸಂಖ್ಯೆಗಳು ಅಷ್ಟು ಗಟ್ಟಿ ಇರುವುದಿಲ್ಲ, ಪೆಡಿಗ್ರಿ ಅಂಕ ಇಳಿಯುತ್ತದೆ. ಇಳಿಯಲಿ. ಆ ಹೆಸರು ಕೋಷ್ಟಕದಲ್ಲಿ ಕಣ್ಣೆದುರು ಇರಬೇಕು.

ಇದು ಮಾಡದ ಇನ್ನೊಂದು ಕೆಲಸವೂ ಇದೆ, ಅದನ್ನು ದೋಷ ಅನ್ನಲಾರೆ. ನೀರು ಹಸಿರಾಗುವುದು, ಆಮ್ಲಜನಕ ಇಳಿದು ಬೆಳಗಾಗುವಷ್ಟರಲ್ಲಿ ಮೀನು ಸತ್ತು ತೇಲುವುದು, ಆಳದ ಕೆರೆಯಲ್ಲಿ ಮೇಲಿನ ಬಿಸಿ ನೀರು ಮತ್ತು ಕೆಳಗಿನ ತಣ್ಣೀರು ಬೇರೆಯಾಗಿ ನಿಲ್ಲುವುದು, ಇವು ಇಕೋಪಾತ್‌ನ ಕೆಲಸ ಅಲ್ಲ. ಅದು ವರ್ಷದ ಸರಾಸರಿ ನೋಡುತ್ತದೆ, ಇಕೋಸಿಮ್ ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ಪಾಚಿ ಒಂದು ವಾರದಲ್ಲಿ ಕೆರೆಯನ್ನೇ ಮುಚ್ಚಿಬಿಡಬಹುದು. ನಿಮ್ಮ ಪ್ರಶ್ನೆ ಉಷ್ಣಾಂಶ, ಪದರ, ಆಮ್ಲಜನಕದ್ದಾದರೆ ಜಿಎಲ್‌ಎಂ ಎಂಬ ಜನರಲ್ ಲೇಕ್ ಮಾಡೆಲ್ ನೋಡಿ. ಅದೂ ಉಚಿತ. ಬಿಸಿಲು, ಗಾಳಿ, ಮಳೆ, ತೇವಾಂಶದ ಅಳತೆ ಕೊಟ್ಟರೆ ನೀರಿನ ಪದರಗಳನ್ನು ಲೆಕ್ಕ ಹಾಕುತ್ತದೆ. ಪ್ರಶ್ನೆ ಪಾಚಿಗೆ ಗೊಬ್ಬರವಾಗುವ ರಂಜಕದ್ದಾದರೆ (ಫಾಸ್ಫರಸ್), ಕೆರೆ ಆಳವಿಲ್ಲದ್ದಾದರೆ, ಪಿಸಿಲೇಕ್ ಇದೆ. ನೆದರ್‌ಲ್ಯಾಂಡ್ಸ್‌ನ ಯಾನ್ ಯಾನ್ಸೆ ಕಟ್ಟಿದ್ದು. ತಿಳಿನೀರಿನ ಕೆರೆ ಎಷ್ಟು ರಂಜಕ ಸೇರಿದರೆ ಬಗ್ಗಡವಾಗುತ್ತದೆ, ಬಗ್ಗಡವಾದದ್ದು ಮತ್ತೆ ತಿಳಿಯಾಗಲು ಎಷ್ಟಕ್ಕೆ ಇಳಿಸಬೇಕು, ಈ ಎರಡು ಸಂಖ್ಯೆಗಳನ್ನು ಅದು ಹುಡುಕಿ ಕೊಡುತ್ತದೆ. ಎರಡೂ ಒಂದೇ ಅಲ್ಲ. ಯಾವ ಮಟ್ಟದಲ್ಲಿ ಕೆರೆ ಕೆಟ್ಟಿತೋ ಆ ಮಟ್ಟಕ್ಕೆ ಮಾತ್ರ ರಂಜಕ ಇಳಿಸಿದರೆ ಅದು ಮತ್ತೆ ತಿಳಿಯಾಗುವುದಿಲ್ಲ, ಇನ್ನೂ ಬಹಳ ಕೆಳಗೆ ಇಳಿಸಬೇಕು. ಆದರೆ ಪಿಸಿಲೇಕ್‌ನಲ್ಲಿ ಮೀನು ಅಂದರೆ ಮೂರೇ ಬಗೆ: ಮರಿ, ದೊಡ್ಡದು, ಮೀನು ತಿನ್ನುವ ಮೀನು. ಜಾತಿಗಳ ಬಗ್ಗೆ ಕಾಳಜಿ ಇರುವವರಿಗೆ ಅದು ಸಾಲುವುದಿಲ್ಲ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುತ್ತೇನೆ, ರಂಜಕಕ್ಕೆ ಅದು, ಮೀನಿಗೆ ಇದು.

ರಂಜಕ ಮತ್ತು ಜೀವಿಗಳು, ಎರಡನ್ನೂ ಯಾಕೆ ನೋಡಬೇಕು ಅಂತ ತೋರಿಸಲು ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರದ ಕಥೆ ಒಳ್ಳೆಯದು. ಚರಂಡಿ ನೀರಿನ ಜೊತೆ ರಂಜಕ ಸೇರಿ ಹಸಿರಾಗಿದ್ದ ಸರೋವರ ಅದು. 1963ರಿಂದ 1968ರೊಳಗೆ ಆ ನೀರನ್ನು ಬೇರೆ ಕಡೆ ತಿರುಗಿಸಿದರು, ನೀರು ತಿಳಿಯಾಯಿತು. ಡಬ್ಲ್ಯೂ. ಟಿ. ಎಡ್ಮಂಡ್‌ಸನ್ ಎಂಬ ವಿಜ್ಞಾನಿ ಅದನ್ನು ವರ್ಷಗಟ್ಟಲೆ ಬಿಡದೆ ಅಳೆಯುತ್ತಿದ್ದರು. 1976ರಲ್ಲಿ ಡಾಫ್ನಿಯಾ ಎಂಬ ನೀರ್ಚಿಗಟ ಹೇರಳವಾಗಿ ಕಾಣಿಸಿಕೊಂಡಿತು, ನೀರು ಇನ್ನಷ್ಟು ತಿಳಿಯಾಯಿತು. ಡಾಫ್ನಿಯಾ ಪಾಚಿಯನ್ನು ಸೋಸಿ ತಿನ್ನುತ್ತದೆ, ಬೇರೆ ಎಷ್ಟೋ ಝೂಪ್ಲಾಂಕ್ಟನ್‌ಗಳಿಗಿಂತ ವೇಗವಾಗಿ. ಇದನ್ನು ಓದಿದ ಮೇಲೆ ನನ್ನ ಮಾದರಿಯಲ್ಲಿ ಝೂಪ್ಲಾಂಕ್ಟನ್ ಎಂಬ ಒಂದೇ ಪೆಟ್ಟಿಗೆಯನ್ನು ಒಡೆದು ಡಾಫ್ನಿಯಾಕ್ಕೆ ಬೇರೆ ಸಾಲು ಮಾಡಿದೆ. ಕೆಂಪು ಬಣ್ಣ ಪೂರ್ತಿ ಆ ಸಾಲಿಗೇ ಹೋಗಿ ನಿಂತಿತು.

ಕಲಿಯುವುದರ ಬಗ್ಗೆ ಎರಡು ಮಾತು. ಕೈಪಿಡಿ ಇದೆ, ಉದ್ದವಾಗಿದೆ, ಇಂಗ್ಲಿಷ್‌ನಲ್ಲಿದೆ. ಅದನ್ನು ಮೊದಲಿಂದ ಓದಲು ಕೂರಬೇಡಿ. ಐದು ಗುಂಪಿನ ಪುಟ್ಟ ಮಾದರಿ ಕಟ್ಟಿ, ಸಿಕ್ಕಿಹಾಕಿಕೊಂಡಾಗ ಆ ಭಾಗ ಮಾತ್ರ ತೆಗೆದು ಓದಿ. ಫೈಲಿಗೆ ದಿನಾಂಕ ಹಾಕಿ ಪ್ರತಿ ಸಲ ಹೊಸ ನಕಲು ಮಾಡಿಕೊಳ್ಳಿ. ಯಾವ ಸಂಖ್ಯೆಯನ್ನು ಯಾವಾಗ, ಯಾಕೆ ಬದಲಾಯಿಸಿದಿರಿ ಅಂತ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಆರು ತಿಂಗಳ ಮೇಲೆ ಯಾರಾದರೂ ಕೇಳಿದಾಗ ಉತ್ತರ ಇರಬೇಕು. ಮಿಶ್ರ ಪರಿಣಾಮದ ಕೋಷ್ಟಕ ಅಂತ ಒಂದಿದೆ, ಒಂದು ಗುಂಪು ಸ್ವಲ್ಪ ಹೆಚ್ಚಾದರೆ ಉಳಿದ ಎಲ್ಲದರ ಮೇಲೆ ಒಳ್ಳೆಯದಾಗುತ್ತದಾ ಕೆಟ್ಟದಾಗುತ್ತದಾ ಅಂತ ಕಂಬಗಳಲ್ಲಿ ತೋರಿಸುತ್ತದೆ. ಲೆಕ್ಕ ಗೊತ್ತಿಲ್ಲದವರಿಗೂ ಅರ್ಥವಾಗುವ ಪುಟ ಅದೊಂದೇ. ನಮ್ಮ ಮೀನುಗಾರರು ಹೆಚ್ಚು ಹೊತ್ತು ನೋಡಿದ್ದೂ ಅದನ್ನೇ, ಮತ್ತು ಹಕ್ಕಿಗಳ ಸಾಲು ಸರಿಯಿಲ್ಲ ಅಂತ ತಕ್ಷಣ ಹೇಳಿದರು. ಅವರು ಹೇಳಿದ್ದು ಸರಿಯಾಗಿತ್ತು, ನಾವು ಚಳಿಗಾಲದಲ್ಲಿ ಮಾತ್ರ ಬರುವ ಹಕ್ಕಿಗಳನ್ನು ವರ್ಷವಿಡೀ ಇರುವ ಹಾಗೆ ಬರೆದಿದ್ದೆವು.

ಡಾಫ್ನಿಯಾ ಚೌಕದ ಕಥೆ ಬಾಕಿ ಇದೆಯಲ್ಲ. ಮೀನಿನ ಹೊಟ್ಟೆಯಲ್ಲಿ ರಾಶಿ ರಾಶಿ ಇರುವ ಡಾಫ್ನಿಯಾ ನಮ್ಮ ಸೋಸು ಬಲೆಯಲ್ಲಿ ಮಾತ್ರ ಬೆರಳೆಣಿಕೆಯಷ್ಟು ಸಿಗುತ್ತಿತ್ತು. ಈ ಸಲ ಬಲೆಯ ಕಣ್ಣಿನ ತಪ್ಪಲ್ಲ, ಆ ಬಲೆ ಸಾಕಷ್ಟು ಸಣ್ಣದೇ. ತಪ್ಪು ಹೊತ್ತಿನದು. ನಾವು ನೀರು ಸೋಸುತ್ತಿದ್ದದ್ದು ಬೆಳಿಗ್ಗೆ ಹತ್ತು ಗಂಟೆಗೆ, ಕೆರೆಯ ನಡುವೆ. ಮೀನಿನ ಕಣ್ಣಿಗೆ ಬೀಳದಿರಲು ಡಾಫ್ನಿಯಾ ಹಗಲು ಹೊತ್ತು ಸಸ್ಯಗಳ ಮರೆಯಲ್ಲಿ ಇರುತ್ತದೆ, ಕತ್ತಲಾದ ಮೇಲೆ ನಡುನೀರಿಗೆ ಬರುತ್ತದೆ. ಇದು ಓದಿ ಗೊತ್ತಿದ್ದ ವಿಷಯವೇ, ಆದರೆ ಚೌಕ ಕೆಂಪಾಗುವವರೆಗೆ ನೆನಪಿಗೆ ಬರಲಿಲ್ಲ. ಹೋದ ತಿಂಗಳು ಮೊದಲ ಸಲ ರಾತ್ರಿ ಹನ್ನೊಂದಕ್ಕೆ ದೋಣಿ ತೆಗೆದೆವು. ಅದೇ ಜಾಗ, ಅದೇ ಬಲೆ, ಅಷ್ಟೇ ನೀರು. ಬಾಟಲಿಯನ್ನು ಟಾರ್ಚ್‌ಗೆ ಹಿಡಿದಾಗ ಒಳಗೆಲ್ಲ ಸಣ್ಣ ಸಣ್ಣ ಚುಕ್ಕಿಗಳು ಜಿಗಿಯುತ್ತಿದ್ದವು. ಎಣಿಸುವ ಕೆಲಸ ಇನ್ನೂ ನಡೆದಿದೆ. ಚೌಕ ಬಿಳಿಯಾಗುತ್ತದೋ ಇಲ್ಲವೋ ಹೇಳಲು ಇನ್ನೂ ನಾಲ್ಕು ರಾತ್ರಿಯ ಬಾಟಲಿಗಳು ಬೇಕು.